ಸ್ಟಾರ್ಮ್, ಹೆರಾಲ್ಡ್, ಜಿಪ್ಸಿ: ಕೊಡಗಿನ ಮಳೆಗೆ ಯಾವ ಹಳೇ ಓಪನ್ ಟಾಪ್ ಕಟ್ಟಬೇಕು?

ರಿಪೇರಿ ಮಾಡಿ ಕಟ್ಟಲು ಹಳೇ ಓಪನ್ ಟಾಪ್ ಗಾಡಿ, ಅಂದರೆ ಮೇಲಿನ ಟಾಪ್ ತೆಗೆಯಬಹುದಾದ ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್, ಒಂದು ಚಿಕ್ಕ ಆಯಸ್ಕಾಂತ ಇರಲಿ. ಎಂಜಿನ್ ಸದ್ದು ಕೇಳೋದು ಆಮೇಲೆ. ಮೊದಲು ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ.

ನಾನು ಈಗ ಓಡಿಸುತ್ತಿರುವ ಮಾರುತಿ ಜಿಪ್ಸಿಯನ್ನು ಸಿದ್ದಾಪುರದ ಹತ್ತಿರದ ಒಂದು ತೋಟದಲ್ಲಿ ನೋಡಿದಾಗ ಹೊರಗಿನ ಪೇಂಟ್ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯನ್ನು ತಗಡಿಗೆ ಒತ್ತಿದೆ. ಸುಟ್ಟ ಹಪ್ಪಳಕ್ಕೆ ಬೆರಳು ಒತ್ತಿದ ಹಾಗೆ ಕರ್ ಅಂತ ಒಳಗೆ ಹೋಯಿತು. ಹೊರಗೆ ಎಳೆದರೆ ತುದಿಯಲ್ಲಿ ಕೆಂಪು ಪುಡಿ, ಜೊತೆಗೆ ಕೊಳೆತ ಸಿಲ್ವರ್ ಓಕ್ ಎಲೆಯ ಚೂರು. ತಗಡಿನ ಮೇಲೆ ಮ್ಯಾಟು, ಮ್ಯಾಟಿನ ಕೆಳಗೆ ಎಷ್ಟೋ ಮಳೆಗಾಲದ ನೀರು. ಬೆಲೆ ಇಳಿಸಿ ತಗೊಂಡೆ, ಆದರೆ ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಕೊಡಗಿನಲ್ಲಿ ಹಳೇ ಓಪನ್ ಟಾಪ್ ಆರಿಸುವಾಗ ಎಷ್ಟು ಸಿಸಿ, ಎಷ್ಟು ಪವರ್ ಅಂತ ಕೇಳುವ ಮೊದಲು, ಇದರಲ್ಲಿ ನೀರು ಎಲ್ಲಿ ನಿಲ್ಲುತ್ತೆ, ನಿಂತ ನೀರು ಏನನ್ನು ತಿನ್ನುತ್ತೆ ಅಂತ ಕೇಳಬೇಕು. ಎಂಜಿನ್ ಕೆಟ್ಟರೆ ಇಳಿಸಿ ಕಟ್ಟಬಹುದು. ತಳವೇ ಹೋದರೆ ಕಟ್ಟಲು ಉಳಿಯೋದೇನು?

ನಾನು ಕೈ ಹಾಕಿರೋದು ಮೂರು ಗಾಡಿಗಳಿಗೆ. ನನ್ನ ಜಿಪ್ಸಿ ಸಾಫ್ಟ್ ಟಾಪ್, ಗೋಣಿಕೊಪ್ಪದ ಗೆಳೆಯನ ಸ್ಯಾನ್ ಸ್ಟಾರ್ಮ್, ವಿರಾಜಪೇಟೆಯಲ್ಲಿರುವ ಮಾವನ ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರೂ ಬೇರೆ ಬೇರೆ ಜಾತಿ. ಅದಕ್ಕೇ ಹೋಲಿಸಿ ನೋಡಲು ಒಳ್ಳೆಯದು.

ಸ್ಯಾನ್ ಸ್ಟಾರ್ಮ್

ಸ್ಪೋರ್ಟಿ ಅನ್ನೋ ಮಾತಿಗೆ ನಿಜವಾಗಿ ಹೊಂದೋದು ಇದೇ. ಎರಡೇ ಸೀಟು, ಬಟ್ಟೆ ಟಾಪು, ನೆಲಕ್ಕೆ ಹತ್ತಿರ ಕೂರುವ ಮೈ. 90ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಕಂಪನಿ ಇದನ್ನು ಗೋವಾದಲ್ಲಿ ಕಟ್ಟಿತು. ಎಂಜಿನ್ ರೆನೋದ್ದು, 1149 ಸಿಸಿ ಪೆಟ್ರೋಲ್, 60 ಬಿಎಚ್‌ಪಿ. ಕೇಳಲು ಕಡಿಮೆ ಅನಿಸಬಹುದು, ಆದರೆ ಗಾಡಿ ಹಗುರ. ಗೋಣಿಕೊಪ್ಪದಿಂದ ತಿತಿಮತಿ ಕಡೆ ಬೆಳಿಗ್ಗೆ ಆರಕ್ಕೆ ಟಾಪ್ ಮಡಚಿ ಹೊರಟರೆ ಇನ್ನೂ ಪವರ್ ಬೇಕು ಅಂತ ನನಗಂತೂ ಒಮ್ಮೆಯೂ ಅನಿಸಿಲ್ಲ.

ಬಾಡಿ ಫೈಬರ್. ಇದು ನಮ್ಮ ಮಳೆಗೆ ಅರ್ಧ ವರ, ಅರ್ಧ ಮೋಸ. ಹೊರ ಮೈಗೆ ತುಕ್ಕು ಹಿಡಿಯಲ್ಲ, ಸರಿ. ಆದರೆ ಫೈಬರಿನ ಅಡಿಯಲ್ಲಿ ಸಸ್ಪೆನ್ಷನ್, ಎಂಜಿನ್, ಸೀಟು ಹಿಡಿದುಕೊಂಡಿರೋದು ಕಬ್ಬಿಣವೇ. ಹೊರಗೆ ಏನೂ ಕಾಣಲ್ಲ, ಒಳಗೆ ತಿಂದಿರುತ್ತೆ. ತಗಡಿನ ಗಾಡಿಯಲ್ಲಿ ಪೇಂಟ್ ಉಬ್ಬಿ ಸುಳಿವು ಕೊಡುತ್ತೆ, ಫೈಬರಿನಲ್ಲಿ ಆ ಸುಳಿವೂ ಇಲ್ಲ. ಹಾಗಾಗಿ ಸ್ಟಾರ್ಮ್ ನೋಡುವಾಗ ಗಾಡಿಯನ್ನು ಎತ್ತಿಸದೆ, ಅಡಿಗೆ ಹೋಗಿ ಟಾರ್ಚ್ ಬಿಡದೆ ಅಡ್ವಾನ್ಸ್ ಕೊಡಬೇಡಿ.

ಬಿಡಿಭಾಗದ ವಿಷಯಕ್ಕೆ ಬಂದರೆ, ಎಂಜಿನ್ ಭಯ ಪಡುವಂಥದ್ದಲ್ಲ. ಇದೇ ಎಂಜಿನ್ ಹೊರದೇಶದ ಟ್ವಿಂಗೋ, ಕ್ಲಿಯೋ ಕಾರುಗಳಲ್ಲಿ ಇತ್ತು. ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ತರಿಸಬಹುದು, ಕಾಯಬೇಕು ಅಷ್ಟೇ. ಕಷ್ಟ ಇರೋದು ಈ ಗಾಡಿಗೇ ಅಂತ ಮಾಡಿದ ಸಾಮಾನಿನಲ್ಲಿ. ಮುಂದಿನ ಗಾಜು, ಟಾಪಿನ ಕಬ್ಬಿಣದ ಫ್ರೇಮು, ಬಾಗಿಲಿನ ರಬ್ಬರ್ ಬೀಡಿಂಗು. ಇವು ಮೂರೂ ಗಾಡಿಯಲ್ಲೇ ಇದ್ದು, ಚೆನ್ನಾಗಿದ್ದರೆ ಎಂಜಿನ್ ನಿಂತುಹೋಗಿದ್ದರೂ ತಗೊಳ್ಳಿ. ಇವು ಇಲ್ಲದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ಬಿಡಿ.

ಸ್ಟ್ಯಾಂಡರ್ಡ್ ಹೆರಾಲ್ಡ್

1961ರಿಂದ ಮದ್ರಾಸಿನಲ್ಲಿ ತಯಾರಾದ ಗಾಡಿ, ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. 948 ಸಿಸಿ ಎಂಜಿನ್. ಕೈಯಾರೆ ಕೆಲಸ ಕಲಿಯಬೇಕು ಅನ್ನೋ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೇ ಗುರು ಇಲ್ಲ ಅಂತ ನನ್ನ ಅಭಿಪ್ರಾಯ. ಬಾನೆಟ್ ಮತ್ತು ಮಡ್‌ಗಾರ್ಡ್ ಒಟ್ಟಿಗೇ ಮುಂದಕ್ಕೆ ಮಗುಚಿಕೊಳ್ಳುತ್ತೆ, ಟೈರಿನ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು. ಬಾಡಿ ಬೇರೆ, ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿಯೂ ತುಂಡು ತುಂಡಾಗಿ ಬೋಲ್ಟಿನಲ್ಲಿ ಕೂತಿದೆ. ಒಂದೊಂದಾಗಿ ಬಿಚ್ಚಿ, ರಿಪೇರಿ ಮಾಡಿ, ವಾಪಸ್ ಕೂರಿಸಬಹುದು. ತಿರುಗಿಸಲು ಬರೀ 25 ಅಡಿ ಜಾಗ ಸಾಕು, ನಮ್ಮ ತೋಟದ ದಾರಿಯ ಹೇರ್‌ಪಿನ್‌ಗಳಲ್ಲಿ ಇದರ ಬೆಲೆ ಗೊತ್ತಾಗುತ್ತೆ.

ಎರಡು ಎಚ್ಚರಿಕೆ ಹೇಳಲೇಬೇಕು. ಹಿಂದಿನ ಸಸ್ಪೆನ್ಷನ್ ಸ್ವಿಂಗ್ ಆಕ್ಸಲ್, ಅಂದರೆ ಹಿಂದಿನ ಒಂದೊಂದು ಚಕ್ರವೂ ತನ್ನ ಆಕ್ಸಲಿನ ಜೊತೆ ಬೇರೆ ಬೇರೆಯಾಗಿ ಮೇಲೆ ಕೆಳಗೆ ತೂಗುತ್ತೆ. ತಿರುವಿನಲ್ಲಿ ಜೋರಾಗಿ ಬಂದು ತಟಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಬಾಲ ಬೀಸುತ್ತೆ. ಮಾಕುಟ್ಟ ಘಾಟಿ ಇಳಿಯುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಮುಂದಿನ ಚಕ್ರ ತಿರುಗುವ ಜಾಗದಲ್ಲಿ ಕೆಳಗೆ ಟ್ರನಿಯನ್ ಅಂತ ಒಂದು ಭಾಗ ಇದೆ. ಅದಕ್ಕೆ ಗೇರ್ ಆಯಿಲ್ ಹಾಕಬೇಕು, ಗ್ರೀಸ್ ಅಲ್ಲ. ಸರ್ವೀಸಿಗೆ ಕೊಟ್ಟ ಕಡೆ ಹುಡುಗರು ನಿಪ್ಪಲ್ ಕಂಡ ತಕ್ಷಣ ಗ್ರೀಸ್ ಗನ್ ಹಿಡಿಯುತ್ತಾರೆ, ಗ್ರೀಸ್ ಗಟ್ಟಿಯಾಗಿ ಒಳಗಿನ ಥ್ರೆಡ್ಡು ಒಣಗಿ ನೀರು ಸೇರಿ, ಒಂದು ದಿನ ಮುಂದಿನ ಚಕ್ರವೇ ಮುರಿದು ಮಲಗುತ್ತೆ. ಮಾವನ ಗಾಡಿಯಲ್ಲಿ ಬಿಚ್ಚಿ ನೋಡಿದರೆ ಒಂದು ಹನಿ ಎಣ್ಣೆ ಇರಲಿಲ್ಲ. ಬರೀ ಕಪ್ಪು ಮೇಣದ ಥರ ಗ್ರೀಸು, ಅದನ್ನು ಕೆರೆದು ತೆಗೆಯಲು ಒಂದು ಮಧ್ಯಾಹ್ನ ಬೇಕಾಯಿತು.

ಇಂಗ್ಲೆಂಡಿನಲ್ಲಿ ಹೆರಾಲ್ಡ್ ಕನ್ವರ್ಟಿಬಲ್ ಆಗಿಯೂ ಬರುತ್ತಿತ್ತು. ಇಲ್ಲಿ ಯಾರಾದರೂ ಓಪನ್ ಹೆರಾಲ್ಡ್ ತೋರಿಸಿದರೆ, ಟಾಪನ್ನು ಆಮೇಲೆ ಯಾರಾದರೂ ಕೊಯ್ಯಿಸಿ ತೆಗೆಸಿದ್ದಾ ಅಂತ ಕೇಳಿ, ಆರ್‌ಸಿಯಲ್ಲಿ ಬಾಡಿ ಟೈಪ್ ಏನಂತ ಇದೆ ಅಂತ ಕಣ್ಣಾರೆ ಓದಿ.

ಜಿಪ್ಸಿ ಸಾಫ್ಟ್ ಟಾಪ್

ಇದು ಸ್ಪೋರ್ಟ್ಸ್ ಕಾರಲ್ಲ ಅಂತ ಹೇಳುವವರಿದ್ದಾರೆ. ರ‍್ಯಾಲಿಗಳಲ್ಲಿ ಇಷ್ಟು ವರ್ಷ ಓಡಿದ ಗಾಡಿಯನ್ನು ಇನ್ನೇನಂತ ಕರೆಯೋದು? ಟಾಪ್ ಬಿಚ್ಚಿ, ಮುಂದಿನ ಗಾಜು ಮಡಚಿ ಮಾಂದಲಪಟ್ಟಿ ಹತ್ತಿದವರಿಗೆ ಆ ಪ್ರಶ್ನೆ ಬರಲ್ಲ.

ಜಿಪ್ಸಿಯಲ್ಲಿ ಯಾವ ವರ್ಷದ್ದು ಅನ್ನೋದು ಬಹಳ ಮುಖ್ಯ. 1985ರಲ್ಲಿ ಬಂದ ಮೊದಲಿನದ್ದು 970 ಸಿಸಿ, 45 ಬಿಎಚ್‌ಪಿ, ನಾಲ್ಕು ಗೇರು. ಇದರಲ್ಲಿ ನಾಲ್ಕು ಜನ ಕೂತು ಏರು ಹತ್ತಿದರೆ ಗಾಡಿಗೂ ಸುಸ್ತು, ನಮಗೂ ಸುಸ್ತು. 1993ರಲ್ಲಿ ಎಡ ಬಲ ಚಕ್ರಗಳ ನಡುವಿನ ಅಗಲ 9 ಸೆಂಟಿಮೀಟರ್ ಜಾಸ್ತಿಯಾಯಿತು, ಅದೇ ವೈಡ್ ಟ್ರ್ಯಾಕ್, ತಿರುವಿನಲ್ಲಿ ನಿಲ್ಲುವುದರಲ್ಲಿ ವ್ಯತ್ಯಾಸ ಕೂತ ತಕ್ಷಣ ಗೊತ್ತಾಗುತ್ತೆ. 1996ರಲ್ಲಿ 1.3 ಲೀಟರ್ ಕಾರ್ಬುರೇಟರ್ ಎಂಜಿನ್, 60 ಬಿಎಚ್‌ಪಿ, ಐದು ಗೇರು. 2000ದ ಹೊತ್ತಿಗೆ 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್), 80 ಬಿಎಚ್‌ಪಿ. ವೈಡ್ ಟ್ರ್ಯಾಕಿಗಿಂತ ಹಿಂದಿನದನ್ನು ನಾನು ತಗೊಳ್ಳಲ್ಲ, ಹಳೆಯದನ್ನು ಹಳೆಯದಾಗಿಯೇ ಇಡುವ ಆಸೆ ಇದ್ದರೆ ಮಾತ್ರ ಬೇರೆ ಮಾತು.

ಬಿಡಿಭಾಗದಲ್ಲಿ ಜಿಪ್ಸಿಗೆ ಎದುರಿಲ್ಲ. ಕುಶಾಲನಗರದಲ್ಲಿ ಸಿಗದಿದ್ದರೆ ಮೈಸೂರು, ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಬಾಡಿ ಪ್ಯಾನೆಲ್ ಕೂಡ ಸಿಗುತ್ತೆ. ಸೈನ್ಯದಿಂದ ಹರಾಜಾಗಿ ಬಂದ ಜಿಪ್ಸಿಗಳೂ ಮಾರಾಟಕ್ಕೆ ಬರುತ್ತವೆ. ಅದರಲ್ಲಿ ಗಾಡಿಗಿಂತ ಮೊದಲು ಕಾಗದ ನೋಡಿ, ಹರಾಜಿನ ಪತ್ರ ಮತ್ತು ಚಾಸಿ ನಂಬರ್ ತಾಳೆಯಾಗಬೇಕು, ಸಿವಿಲ್ ರಿಜಿಸ್ಟ್ರೇಷನ್ ಆಗಿರಬೇಕು. "ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ತುಕ್ಕು: ಕೊಯ್ಯೋದಾ, ಮುಚ್ಚೋದಾ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮ ಕಡೆ ದುಡ್ಡು ಹಾಳಾಗುವುದೇ ಇಲ್ಲಿ.

ತೂತು ಬಿದ್ದ ತಗಡಿಗೆ ಎರಡು ದಾರಿ. ತುಕ್ಕು ಹಿಡಿದ ಭಾಗವನ್ನು ಒಳ್ಳೇ ತಗಡು ಸಿಗುವವರೆಗೆ ಕೊಯ್ದು ತೆಗೆದು ಹೊಸ ತಗಡು ವೆಲ್ಡ್ ಮಾಡುವುದು ಒಂದು. ಮೇಲೆ ಫೈಬರ್ ಮ್ಯಾಟ್ ಅಂಟಿಸಿ ಪುಟ್ಟಿ ಎಳೆದು ಪೇಂಟ್ ಹೊಡೆಯುವುದು ಇನ್ನೊಂದು. ಎರಡನೆಯದು ಅಗ್ಗ, ಎರಡೇ ದಿನದ ಕೆಲಸ. ನನ್ನ ಜಿಪ್ಸಿಗೆ ಮೊದಲು ಅದನ್ನೇ ಮಾಡಿಸಿದೆ. ಕೆಲಸ ಮಾಡಿದವರು ಅಡಿಗೆಲ್ಲ ಕಪ್ಪು ಅಂಡರ್‌ಕೋಟಿಂಗ್ ಬೇರೆ ಹೊಡೆದು ಕೊಟ್ಟರು, ಹೊಸ ಗಾಡಿ ಥರ ಕಂಡಿತು. ಜೂನ್ ಕಳೆದು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಬರುವಷ್ಟರಲ್ಲಿ ಕೋಟಿಂಗ್ ತೊಗಟೆ ಥರ ಎದ್ದು ಬಂದಿತ್ತು. ಉಗುರಿನಲ್ಲಿ ಎಳೆದರೆ ಅಂಗೈ ಅಗಲದ ತುಂಡು ಕೈಗೆ ಬಂತು, ಅದರ ಒಳಮೈಗೆ ತಗಡು ಅಂಟಿಕೊಂಡಿತ್ತು. ತುಕ್ಕಿನ ಮೇಲೆ ಕೋಟಿಂಗ್ ಹೊಡೆದರೆ ಅದು ನೀರನ್ನು ತಡೆಯಲ್ಲ, ಒಳಗೆ ಕೂಡಿಹಾಕುತ್ತೆ.

ಎರಡನೇ ಸಲ ಪೂರ್ತಿ ಕೊಯ್ಯಿಸಿದೆ. 18 ಗೇಜ್ ತಗಡು, ಸಿಓಟು ವೆಲ್ಡಿಂಗು, ಜೋಡಣೆ ಮೇಲೆ ಸೀಮ್ ಸೀಲರ್, ಜಿಂಕ್ ಪ್ರೈಮರ್, ಆಮೇಲೆ ಪೇಂಟು, ಕೊನೆಗೆ ಚಾಸಿಯ ಟೊಳ್ಳು ಜಾಗಗಳ ಒಳಗೆ ಮೇಣದ ಸ್ಪ್ರೇ. ಇದು ಬಹಳ ಮುಖ್ಯ. ಚಾಸಿ ಕೊಳೆಯುವುದು ಒಳಗಿನಿಂದ, ಹೊರಗೆ ಎಷ್ಟು ಪೇಂಟ್ ಹೊಡೆದರೂ ಒಳಗೆ ಹೋಗಲ್ಲ. ನೀರು ಇಳಿಯುವ ತೂತುಗಳು ಇರುತ್ತವಲ್ಲ, ಅವನ್ನು ಕೆಲಸದವರು ಮುಚ್ಚಿಬಿಟ್ಟಿದ್ದಾರಾ ನೋಡಿ. ಒಂದು ತಂತಿ ತೂರಿಸಿದರೆ ಗೊತ್ತಾಗುತ್ತೆ.

ಮೇಲೆ ಟಾಪಿಲ್ಲದ ಗಾಡಿಗೆ ಬಲವೆಲ್ಲ ತಳದಿಂದಲೇ ಬರಬೇಕು. ಒಂದು ಪರೀಕ್ಷೆ ಹೇಳುತ್ತೇನೆ. ಗಾಡಿಯ ಒಂದು ಬದಿ ಜಾಕಿ ಹಚ್ಚಿ ಸ್ವಲ್ಪ ಎತ್ತಿ. ಬಾಗಿಲು ತೆಗೆದು ಹಾಕಿ. ಮೊದಲಿನ ಹಾಗೇ ಸಲೀಸಾಗಿ ಕೂತರೆ ತಳ ಗಟ್ಟಿ. ಬಾಗಿಲು ಉಜ್ಜಿದರೆ, ಬೀಗಕ್ಕೆ ಕೂರದಿದ್ದರೆ ಗಾಡಿ ನಡುವಿನಲ್ಲಿ ಬಾಗುತ್ತಿದೆ ಅಂತ ಅರ್ಥ. ಬಾಗಿಲ ಕೆಳಗಿನ ಸಿಲ್ ಕೊಯ್ಯಿಸುವ ಕೆಲಸ ಇದ್ದರೆ ಬಾಗಿಲಿನ ಜಾಗಕ್ಕೆ ಅಡ್ಡ ಕಬ್ಬಿಣದ ಪೈಪು ಕೊಟ್ಟು ಬಿಗಿದೇ ಕೊಯ್ಯಿಸಿ, ಇಲ್ಲದಿದ್ದರೆ ಗಾಡಿ ಕುಸಿದ ಆಕಾರದಲ್ಲೇ ವೆಲ್ಡ್ ಆಗಿಬಿಡುತ್ತೆ.

ಸ್ಟಾರ್ಮಿನ ಫೈಬರ್ ಕೆಲಸಕ್ಕೂ ಒಂದು ಮಾತು. ರೆಸಿನ್ ಹಾಕಲು ಒಣ ಹವೆ ಬೇಕು. ಮಳೆಗಾಲದಲ್ಲಿ ಮಾಡಿದರೆ ತೇವ ಒಳಗೇ ಉಳಿದು ಪೇಂಟಿನ ಅಡಿಯಲ್ಲಿ ಗುಳ್ಳೆ ಏಳುತ್ತೆ.

ಟಾಪು: ವಿನೈಲ್ ಅಥವಾ ಕ್ಯಾನ್ವಾಸ್

ನೋಡಲು ಕ್ಯಾನ್ವಾಸ್ ಚೆಂದ, ನನಗೂ ಅದೇ ಇಷ್ಟ. ಆದರೆ ಮಡಿಕೇರಿ, ಭಾಗಮಂಡಲ ಕಡೆಯವರಿಗೆ ನಾನು ವಿನೈಲ್ ಅನ್ನೇ ಹೇಳುತ್ತೇನೆ. ಕ್ಯಾನ್ವಾಸ್ ಒದ್ದೆಯಾದರೆ ಒಣಗಲು ಬಿಸಿಲು ಬೇಕು, ಜುಲೈನಲ್ಲಿ ಬಿಸಿಲು ಎಲ್ಲಿಂದ ತರೋದು? ಒಣಗದಿದ್ದರೆ ಬೂಷ್ಟು, ಬೂಷ್ಟಿನ ವಾಸನೆ ಸೀಟಿಗೂ ಹತ್ತುತ್ತೆ. ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಕಡೆ ಮಳೆ ಕಡಿಮೆ, ಅಲ್ಲಿ ಕ್ಯಾನ್ವಾಸ್ ನಡೆಯುತ್ತೆ.

ಬಟ್ಟೆಗಿಂತ ಹೊಲಿಗೆ ಮುಖ್ಯ. ಹತ್ತಿ ನೂಲು ಒದ್ದೆಯಾದಾಗ ಉಬ್ಬಿ ಸೂಜಿಯ ತೂತನ್ನು ಮುಚ್ಚುತ್ತೆ, ನಿಜ. ಆದರೆ ನಮ್ಮ ಮಳೆಗೆ ಬೇಗ ಕೊಳೆಯುತ್ತೆ. ಪಾಲಿಯೆಸ್ಟರ್ ನೂಲು ಹಾಕಿಸಿ, ಹೊಲಿಗೆಯ ಒಳಬದಿಗೆ ಸೀಲರ್ ಹಚ್ಚಿಸಿ. ಹೊಲಿಗೆ ತಲೆಯ ಮೇಲೆ ಬರುವ ಬದಲು ಬದಿಗೆ ಬರುವ ಹಾಗೆ ಬಟ್ಟೆ ಕತ್ತರಿಸಲು ಹೇಳಿ. ಒಳ್ಳೇ ಟಾಪ್ ಹೊಲಿಯುವವರಿಗೆ ಹೇಳಬೇಕಾಗಿಯೇ ಇಲ್ಲ, ಅವರೇ ಕೇಳುತ್ತಾರೆ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅಂತ.

ಒದ್ದೆ ಟಾಪನ್ನು ಮಡಚಿ ಇಡಬೇಡಿ. ಪ್ಲಾಸ್ಟಿಕ್ ಕಿಟಕಿಯನ್ನು ಡಿಸೆಂಬರಿನ ಚಳಿ ಬೆಳಿಗ್ಗೆ ಮಡಚಬೇಡಿ, ಗೆರೆ ಬೀಳುತ್ತೆ, ಗೆರೆಯಲ್ಲೇ ಸೀಳುತ್ತೆ. ಒಂದು ಹಳೇ ಪಂಚೆ ಮಧ್ಯದಲ್ಲಿಟ್ಟು ಸುತ್ತಿಡಿ. ಸ್ಟಾರ್ಮಿನಲ್ಲಿ ಟಾಪು ಸೀಟಿನ ಹಿಂದೆ ಹೋಗಿ ಕೂರುತ್ತೆ, ಆ ಗುಂಡಿಯಲ್ಲಿ ಎಲೆ ಸೇರಿ ನೀರು ನಿಲ್ಲುತ್ತೆ. ವಾರಕ್ಕೊಮ್ಮೆ ಕೈ ಹಾಕಿ ತೆಗೆಯಿರಿ. ನೆಲಕ್ಕೆ ಸೆಣಬಿನ ಕಾರ್ಪೆಟ್ ಬೇಡವೇ ಬೇಡ, ಎತ್ತಿ ಒಣಹಾಕಬಹುದಾದ ರಬ್ಬರ್ ಮ್ಯಾಟ್ ಸಾಕು.

ಹಳೆಯ ಹಾಗೇ ಉಳಿಸೋದಾ, ಅಪ್‌ಗ್ರೇಡ್ ಮಾಡೋದಾ

ಇದು ಬರೀ ರುಚಿಯ ವಿಷಯ ಅಲ್ಲ, ಕಾನೂನಿನದ್ದೂ ಹೌದು. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಮೊದಲು, ಎಂಜಿನ್ ಆಮೇಲೆ. ಹೊಸ ನಂಬರ್ ಆರ್‌ಸಿಯಲ್ಲಿ ಬರಲೇಬೇಕು, ಇಲ್ಲದಿದ್ದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕೈ ಬಿಡಬಹುದು. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರಿಂದ 5,000 ರೂಪಾಯಿ ಶುಲ್ಕ, 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಇದನ್ನೂ ಬಜೆಟ್ಟಿಗೆ ಸೇರಿಸಿ.

ಹೆರಾಲ್ಡಿಗೆ ಇನ್ನೊಂದು ದಾರಿ ಇದೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತೆ, ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನಾ ಓಡಿಸುವ ಹಾಗಿಲ್ಲ. ಹಾಗಾಗಿ ಹೆರಾಲ್ಡ್ ತಗೊಂಡರೆ ಅಪ್‌ಗ್ರೇಡಿನ ಆಸೆ ಬಿಟ್ಟು ಹಳೆಯದನ್ನು ಹಳೆಯ ಹಾಗೇ ನಿಲ್ಲಿಸಿ, ಅದರಲ್ಲೇ ಅದರ ಚೆಲುವು. ಜಿಪ್ಸಿಯನ್ನು ನಿಮ್ಮ ಉಪಯೋಗಕ್ಕೆ ತಕ್ಕ ಹಾಗೆ ಸುಧಾರಿಸಿ. ಸ್ಟಾರ್ಮನ್ನು ಕಂಪನಿ ಕೊಟ್ಟ ಹಾಗೆ ಪೂರ್ತಿ ಸರಿ ಮಾಡಿ ನಿಲ್ಲಿಸಿ. ಅಂಥ ಗಾಡಿಗಳು ಉಳಿದಿರೋದೇ ಕೆಲವು, ಕತ್ತರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಅಪ್‌ಗ್ರೇಡ್ ಅಂದ ತಕ್ಷಣ ಎಲ್ಲರೂ ಎಂಜಿನ್ ಕಡೆ ಓಡುತ್ತಾರೆ. ಕಾರ್ಬುರೇಟರ್ ಜಿಪ್ಸಿಗೆ 16 ವಾಲ್ವಿನ ಎಂಜಿನ್ ಕೂರಿಸೋದು ಸಾಧ್ಯ, ಆದರೆ ಜೊತೆಗೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗು, ಹೈ ಪ್ರೆಷರ್ ಪೆಟ್ರೋಲ್ ಪಂಪು, ಎಲ್ಲ ಬರಬೇಕು. ಸಂಪಾಜೆ ಘಾಟಿ ಇಳಿಯುವಾಗ 80 ಬಿಎಚ್‌ಪಿ ಏನೂ ಮಾಡಲ್ಲ, ಬ್ರೇಕ್ ಮಾಡುತ್ತೆ. ಮೊದಲ ದುಡ್ಡು ಬ್ರೇಕಿಗೆ. ಪೈಪು, ಹೋಸು, ವೀಲ್ ಸಿಲಿಂಡರ್ ಹೊಸದು, ಬ್ರೇಕ್ ಆಯಿಲ್ ಪೂರ್ತಿ ಬದಲು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ನಮ್ಮಲ್ಲಿ ತೇವಕ್ಕೇನು ಬರವಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸಿ. ಎರಡನೆಯದು ಟೈರು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳ ಇದ್ದರೂ ಅಷ್ಟು ಹಳೇ ಟೈರಿನಲ್ಲಿ ಒದ್ದೆ ರಸ್ತೆಗೆ ಇಳಿಯಬೇಡಿ.

ಮೂರನೆಯದು ರೇಡಿಯೇಟರ್, ನಾಲ್ಕನೆಯದು ವೈರಿಂಗು. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ತಿಂದೇ ಇರುತ್ತೆ, ಟೇಪ್ ಸುತ್ತಿ ಮುಂದುವರಿಯಬೇಡಿ. ಅರ್ತಿಂಗ್ ಬೋಲ್ಟುಗಳನ್ನೆಲ್ಲ ಬಿಚ್ಚಿ ಉಜ್ಜಿ ಕೂರಿಸಿದರೆ ಅರ್ಧ ಲೈಟಿನ ತೊಂದರೆ ತಾನೇ ಹೋಗುತ್ತೆ. ಈಗ ಪಂಪಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತೆ, ಹಳೇ ರಬ್ಬರ್ ಹೋಸು, ಕಾರ್ಬುರೇಟರಿನ ಡಯಾಫ್ರಮ್ ಅದಕ್ಕೆ ತಡೆಯಲ್ಲ, ಎಥನಾಲ್ ತಡೆಯುವ ಹೋಸನ್ನೇ ಕೇಳಿ ತಗೊಳ್ಳಿ. ಎಥನಾಲ್ ನೀರನ್ನೂ ಹೀರುತ್ತೆ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಅರ್ಧ ಟ್ಯಾಂಕ್ ಹಳೇ ಪೆಟ್ರೋಲ್ ಬಿಟ್ಟು ನಿಲ್ಲಿಸಬೇಡಿ. ಎಂಜಿನ್ ಕೊನೆಗೆ, ಅದೂ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒಳಗಿನ ಒತ್ತಡ ಅಳೆಯೋದು) ಮಾಡಿಸಿದ ಮೇಲೆ. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇದ್ದರೆ ಸುಮ್ನೆ ಬಿಚ್ಚಬೇಡಿ.

ಯಾರಿಗೆ ಯಾವುದು, ಯಾವಾಗ

ತೋಟಕ್ಕೂ ಪೇಟೆಗೂ ದಿನಾ ಓಡಬೇಕು, ಜುಲೈನಲ್ಲೂ ಹೊರಡಬೇಕು ಅನ್ನುವವರಿಗೆ ಜಿಪ್ಸಿ 1.3. ಸುತ್ತ ಗೋಡೆ ಇರುವ ಒಣ ಗ್ಯಾರೇಜ್ ಇದ್ದು, ಅಕ್ಟೋಬರಿನಿಂದ ಮೇವರೆಗೆ ಭಾನುವಾರ ಓಡಿಸಿದರೆ ಸಾಕು, ಒಂದು ಗಾಜಿಗೆ ಆರು ತಿಂಗಳು ಕಾಯುವ ತಾಳ್ಮೆ ಇದೆ ಅನ್ನುವವರಿಗೆ ಸ್ಟಾರ್ಮ್. ಮಗನಿಗೋ ಮಗಳಿಗೋ ಪಕ್ಕದಲ್ಲಿ ಕೂರಿಸಿಕೊಂಡು ಸ್ಪ್ಯಾನರ್ ಹಿಡಿಯೋದು ಹೇಳಿಕೊಡಬೇಕು, ಅವಸರ ಇಲ್ಲ ಅನ್ನುವವರಿಗೆ ಹೆರಾಲ್ಡ್. ಯಾವುದೇ ಆದರೂ ಕೈಲಿರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಗಾಡಿ ಕೊಳ್ಳಲು ಹಾಕಬೇಡಿ, ಉಳಿದರ್ಧ ತಳಕ್ಕೂ ಟಾಪಿಗೂ ಬೇಕೇ ಬೇಕು.

ಕೊಳ್ಳಲು ಒಳ್ಳೇ ಹೊತ್ತು ಆಗಸ್ಟ್. ಮಳೆಯಲ್ಲೇ ಹೋಗಿ ನೋಡಿ, ಎಲ್ಲಿ ಸೋರುತ್ತೆ ಅಂತ ಗಾಡಿಯೇ ತೋರಿಸುತ್ತೆ. ಮಳೆಗಾಲದಲ್ಲಿ ಒಳಗೆ ಕೂತು ಮಾಡುವ ಕೆಲಸ ಮಾಡಿ, ಕಾರ್ಬುರೇಟರ್, ವೈರಿಂಗು, ಬ್ರೇಕು, ಸೀಟು. ಕೊಯ್ಯುವುದು, ವೆಲ್ಡಿಂಗು, ಫೈಬರು, ಪೇಂಟು ಎಲ್ಲ ಒಣ ತಿಂಗಳಿಗೆ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಒಣಹಾಕುವ ಕಣದ ತುಂಬ ಕಾಫಿ ಇರುತ್ತೆ, ಆಳೂ ಸಿಗಲ್ಲ, ಜಾಗವೂ ಇರಲ್ಲ. ಕಾಫಿ ಎತ್ತಿದ ಮೇಲೆ ಅದೇ ಸಿಮೆಂಟ್ ಕಣ ನನ್ನ ವರ್ಕ್‌ಶಾಪು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವ ದಿನ ಮಾತ್ರ ಟಾರ್ಪಾಲ್ ಹತ್ತಿರದಲ್ಲೇ ಇರಬೇಕು, ಹೋದ ಸಲ ಪ್ರೈಮರ್ ಹೊಡೆದು ಗಂಟೆಯೂ ಆಗಿರಲಿಲ್ಲ, ಮೋಡ ಬಂತು, ಮನೆಯವರೆಲ್ಲ ಓಡಿ ಬಂದು ನಾಲ್ಕು ಮೂಲೆ ಹಿಡಿದರು. ಮಾವನ ಹೆರಾಲ್ಡಿನ ಚಾಸಿ ಈಗ ಬಾಡಿಯಿಂದ ಬಿಡಿಸಿ ಮರದ ದಿಮ್ಮಿ ಮೇಲೆ ಇಟ್ಟಿದ್ದೇವೆ, ಬದಿಯ ಔಟ್‌ರಿಗರ್ (ಬಾಡಿ ಹೊರಲು ಚಾಸಿಯಿಂದ ಹೊರಗೆ ಚಾಚಿದ ತೋಳುಗಳು) ನಾಲ್ಕೂ ಹೊಸದಾಗಿ ಮಾಡಿಸಬೇಕು. ಮಾರ್ಚ್‌ಗೆ ಕಣ ಖಾಲಿಯಾಗುತ್ತೆ, ವೆಲ್ಡಿಂಗಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.